ಚಪ್ಪಲಿಯೊಳಗಿನ ಚೇಳು

ಇವತ್ತು ಬೆಳಿಗ್ಗೆ ಒಂದು ಪಾರ್ಸೆಲ್ ಬಂತು. ಅದರ ಅಂಟುಪಟ್ಟಿಯನ್ನು ಅಡುಗೆಮನೆಯ ಚಾಕುವಿನಿಂದ ಕೊಯ್ದೆ. ಚಾಕುವಿನ ಒಡತಿ ಮನೆಯಲ್ಲಿರಲಿಲ್ಲ, ಹಾಗಾಗಿ ಅಷ್ಟು ಧೈರ್ಯ. ಡಬ್ಬಿ ಬಾಯಿ ತೆರೆದದ್ದೇ ತಡ, ಜಾಲಿ ತೊಗಟೆಯಲ್ಲಿ ಹದವಾದ ತೊಗಲಿನ ವಾಸನೆ, ಅದರ ಬೆನ್ನಿಗೇ ಎಣ್ಣೆಯ ವಾಸನೆ, ಚಿಕ್ಕೋಡಿಯ ನನ್ನ ಬಾಡಿಗೆ ಮನೆಯನ್ನೆಲ್ಲ ತುಂಬಿಕೊಂಡವು. ಈ ವಾಸನೆ ಮೂಗಿಗೆ ಬಿದ್ದೊಡನೆ ಅಥಣಿಯ ನಮ್ಮ ಹಳೆಯ ಓಣಿ ಕಣ್ಣ ಮುಂದೆ ಬಂತು ಎಂದು ನಾನೀಗ ನಿಮಗೆ ಹೇಳಬೇಕು. ಬಂದದ್ದೇನೋ ನಿಜ. ಆದರೆ ಈಚೆಗೆ ನನ್ನ ಕಣ್ಣ ಮುಂದೆ ಬರುವುದನ್ನೆಲ್ಲ ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹೊಸ್ತಿಲಲ್ಲೇ ನಿಲ್ಲಿಸಿ ವಿಚಾರಿಸುತ್ತೇನೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತು ಬಳಸಿ. ನಿಮಗೂ ಅಂಥ ಅವಸರ ಇರಲಿಕ್ಕಿಲ್ಲ.

ಧಾರವಾಡದಲ್ಲಿ ಐದು ವರ್ಷ ಓದಿ ನಾನು ಗಳಿಸಿದ್ದು ಎರಡೇ ಶಬ್ದ: ಆಧಾರ ಏನು? ಯಾರು ಏನು ಹೇಳಿದರೂ ಇದನ್ನು ಕೇಳುತ್ತೇನೆ. ಉಪ್ಪು ತರಲು ನಿನ್ನೆಯೇ ಹೇಳಿದ್ದೆ ಎಂದು ಹೆಂಡತಿ ಅಂದಾಗಲೂ ಕೇಳಿದ್ದೇನೆ. ಆ ದಿನದ ಸಾರಿಗೆ ಉಪ್ಪಿರಲಿಲ್ಲ. ಆಧಾರ ಅಷ್ಟು ಸಾಕಿತ್ತು.

ಕಾಲೇಜಿನಲ್ಲಿ ಪಾಠ ಹೇಳುವ ಇಂಥ ಮನುಷ್ಯನನ್ನು ಎರಡು ವರ್ಷದ ಕೆಳಗೆ, ಮೂರೂ ಇರಬಹುದು, ಚಿಕ್ಕೋಡಿಯ ಒಂದು ಸಭಾಭವನಕ್ಕೆ ಕರೆದರು. ಸಣ್ಣ ಉದ್ದಿಮೆದಾರರಿಗೆ ಕೃತಕ ಬುದ್ಧಿಮತ್ತೆಯ ತರಬೇತಿ. ಕಲಿಸಲು ಬಂದವರು ದೂರದವರು, ಅವರ ಕನ್ನಡ ಇಸ್ತ್ರಿ ಮಾಡಿದ ಕನ್ನಡ. ಅದನ್ನು ನಮ್ಮವರಿಗೆ ತಿಳಿಯುವಂತೆ ಹೇಳುವುದು ನನ್ನ ಕೆಲಸ. ಈ ಯಂತ್ರ ನಿಮಗಾಗಿ ಬರೆಯುತ್ತದೆ, ಚಿತ್ರ ಮಾಡುತ್ತದೆ, ಗಿರಾಕಿಗಳಿಗೆ ಉತ್ತರಿಸುತ್ತದೆ ಎಂದು ಅವರು ಹೇಳಿ ಮುಗಿಸಿದಾಗ, ಜುಗೂಳದ ಬೆಲ್ಲದ ಗಾಣದ ಯಜಮಾನರು ಎದ್ದು ನಿಂತರು.

“ಕುದಿಯೂ ಕಡಾಯಿ ತಿರವತೈತೇನ್ರಿ?”

“ಇಲ್ರಿ,” ಅಂದೆ.

“ಹಂಗಾರ ನಂದೇನ್ ಕೆಲಸ ಹಗರ ಆತು? ಉತ್ತರಾ ಕೊಡಾಕ ನಾ ಇದ್ದೇನಲ್ರಿ.”

ಸಭೆ ನಕ್ಕಿತು. ನಾನೂ ನಕ್ಕೆ, ಸಂಶಯವಾದಿಗಳ ಗೆಲುವಿನ ನಗೆ. ನಗದೆ ಕೂತವರು ಇಬ್ಬರು: ಅಥಣಿಯ ಹೌಸಾಬಾಯಿ ಮತ್ತು ಅವರ ಸೊಸೆ ಅಶ್ವಿನಿ. ಎಂಟು ಜನ ಹೆಂಗಸರನ್ನು ಕಟ್ಟಿಕೊಂಡು ಕೈಹೊಲಿಗೆಯ ಚಪ್ಪಲಿ ಮಾಡುವವರು. ಹೌಸಾಬಾಯಿ ನಮ್ಮ ಊರಿನವರೇ. ಅವರ ಅಪ್ಪ ನಮ್ಮ ಅಜ್ಜನಿಗೆ ಚಪ್ಪಲಿ ಮಾಡಿಕೊಡುತ್ತಿದ್ದರು.

ಅವರ ಚಪ್ಪಲಿಗೊಂದು ವಿಶೇಷವಿದೆ. ಅಟ್ಟೆಯ ಎರಡು ಪದರಗಳ ನಡುವೆ ಒಂದು ಕಾಡುಗಿಡದ ಬೀಜ ಇಟ್ಟು ಹೊಲಿಯುತ್ತಾರೆ. ನಡೆದರೆ ಕರ್ ಕರ್ ಎನ್ನುತ್ತದೆ. ಆ ಬೀಜದ ತುದಿ ಕೊಂಡಿಯ ಹಾಗೆ ಬಾಗಿರುವುದರಿಂದ ಅದಕ್ಕೆ ಈ ಕಸುಬಿನವರು ಮರಾಠಿಯಲ್ಲಿ ವಿಂಚು ಅನ್ನುತ್ತಾರೆ. ವಿಂಚು ಅಂದರೆ ಚೇಳು.

ನಿಮ್ಮ ಮಾಲಿನ ಬಗ್ಗೆ ನಿಮ್ಮದೇ ಭಾಷೆಯಲ್ಲಿ ಫೋನಿಗೆ ಹೇಳಿ ಎಂದರು ತರಬೇತಿಯವರು. ಹೌಸಾಬಾಯಿ ಸೆರಗು ಸರಿಮಾಡಿಕೊಂಡು, ಫೋಟೊ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕೂತು ಹೇಳಿದರು: “ನಮ್ಮ ಚಪ್ಪಲ್‌ನ್ಯಾಗ ಖರೇ ಖರೇ ವಿಂಚು ಇಟ್ಟಿರ್ತೇವ್ರಿ. ಕಾಲಿಟ್ರ ಸಾಕು, ಮಾತಾಡ್ತೈತಿ.”

ಕಣ್ಣು ಮುಚ್ಚಿ ತೆರೆಯುವುದರೊಳಗೆ ಯಂತ್ರ ಹತ್ತು ಸಾಲು ಇಂಗ್ಲಿಷ್ ಬರೆಯಿತು. ಅಶ್ವಿನಿ ಫೋನನ್ನು ನನ್ನ ಮುಂದೆ ಹಿಡಿದಳು. “ಸರ್, ಒಮ್ಮೆ ಓದಿ ಹೇಳ್ರಿ. ಹಾಕ್ಲ್ಯಾ?” ಅಷ್ಟರಲ್ಲಿ ಚಹಾ ಬಂದಿತ್ತು. ಎಲ್ಲದಕ್ಕೂ ಆಧಾರ ಕೇಳುವ ನಾನು, ಒಂದು ಕೈಯಲ್ಲಿ ಕಪ್ಪು ಹಿಡಿದು, ಇನ್ನೊಂದು ಕೈಯಿಂದ ‘ಸರಿ’ ಎಂಬ ಗುಂಡಿಯನ್ನು ನಾನೇ ಒತ್ತಿಬಿಟ್ಟೆ. ಓದಲಿಲ್ಲ. ಚಹಾ ಆರುತ್ತಿತ್ತು.

ಪ್ರತಿ ಜೋಡಿಯಲ್ಲೂ ಒಂದು ಅಸಲಿ ಚೇಳನ್ನು ಕೈಯಿಂದ ಹೊಲಿದು ಸೇರಿಸಲಾಗಿದೆ, ಹೆಜ್ಜೆ ಇಟ್ಟಾಗ ಅದು ನಿಮ್ಮೊಡನೆ ಮಾತನಾಡುತ್ತದೆ ಎಂದು ನಾಲ್ಕು ದಿನ ಅವರ ಆನ್‌ಲೈನ್ ಅಂಗಡಿಯಲ್ಲಿ ಇಡೀ ಜಗತ್ತು ಓದಿತು. ಯಾರೋ ಒಬ್ಬರು, ಚೇಳು ಜೀವಂತ ಇರುತ್ತದೆಯೇ ಎಂದು ಕೇಳಿದರು. ಗಿರಾಕಿಗಳಿಗೆ ಉತ್ತರಿಸುವ ಕೆಲಸವೂ ಆ ಯಂತ್ರದ್ದೇ ತಾನೆ? ಅದು ವಿನಯದಿಂದ ಬರೆಯಿತು: “ನಿಮ್ಮ ಆಸಕ್ತಿಗೆ ಧನ್ಯವಾದಗಳು. ನಮ್ಮ ಚೇಳುಗಳು ಸಂಪೂರ್ಣ ನೈಸರ್ಗಿಕ.”

ಹೌಸಾಬಾಯಿ ಫೋನು ಮಾಡಿ ನಕ್ಕದ್ದೇ ನಕ್ಕದ್ದು. “ಮಾಸ್ತರ್ರ, ಕಡಿಸಿದ್ರಿ ನೋಡ್ರಿ ನಮಗ ಚೇಳು!” ಅಶ್ವಿನಿ ಬರಹ ತಿದ್ದಿದಳು. ನಾನು ಈ ಕಥೆಯನ್ನು ನಾಲ್ಕಾರು ಮದುವೆಗಳ ಪಂಕ್ತಿಯಲ್ಲಿ ಹೇಳಿ ನಗಿಸಿದೆ. ಒಂದು ಮದುವೆಯಿಂದ ಇನ್ನೊಂದಕ್ಕೆ ಹೋಗುವಾಗ ಚೇಳು ಸ್ವಲ್ಪ ದೊಡ್ಡದಾಗುತ್ತಿತ್ತು. ಓದದೆ ಗುಂಡಿ ಒತ್ತಿದವನು ಮಾತ್ರ ಪ್ರತಿ ಸಲ ಬೇರೆ ಯಾರೋ ಆಗಿರುತ್ತಿದ್ದ.

ಮುಂದೆ ಕೆಲವು ತಿಂಗಳಿಗೆ ಅಶ್ವಿನಿಯ ಫೋನು. ಈ ಸಲ ನಗು ಇರಲಿಲ್ಲ. “ಸರ್, ಒಮ್ಮೆ ಬಂದ್ ಹೋಗ್ರಿ. ಅತ್ತಿ ಕೇಳವಲ್ರು.”

ಕೃಷ್ಣೆ ದಾಟಿ ಅಥಣಿಗೆ ಹೋದೆ. ಮಾಳಿಗೆಯ ಮೇಲಿನ ಉದ್ದನೆಯ ಕೋಣೆಯಲ್ಲಿ ಎಂಟೂ ಹೆಂಗಸರು ಕೆಲಸ ನಿಲ್ಲಿಸಿ ಕೂತಿದ್ದರು. ಮೂಲೆಯಲ್ಲಿ ವಾಪಸು ಬಂದ ಡಬ್ಬಿಗಳು. ಎಲ್ಲದರ ಮೇಲೂ ಒಂದೇ ದೂರು: ಚಪ್ಪಲಿ ಸಪ್ಪಳ ಮಾಡುತ್ತದೆ. ಪ್ರತಿಯೊಂದು ದೂರಿಗೂ ಯಂತ್ರ ಉತ್ತರಿಸಿತ್ತು: ಈ ದೋಷಕ್ಕಾಗಿ ಕ್ಷಮಿಸಿ, ಮುಂದಿನ ಜೋಡಿಗಳಲ್ಲಿ ಸರಿಪಡಿಸುತ್ತೇವೆ. ಸಪ್ಪಳದ ಮೂಲವನ್ನು ತೆಗೆದುಹಾಕಿ ಎಂದು ಅಶ್ವಿನಿಗೆ ಸಲಹೆಯನ್ನೂ ಕೊಟ್ಟಿತ್ತು.

“ಅಂವಾ ಯಾವಂವ ಬೇ, ನನ್ನ ಹೆಸರಲೇ ಕ್ಷಮಾ ಕೇಳಾಂವ?” ಹೌಸಾಬಾಯಿಯ ದನಿ ಮೆಟ್ಟಿಲಿಗೇ ಕೇಳುತ್ತಿತ್ತು. “ನಾ ಏನ್ ಕಳವು ಮಾಡೇನಿ?”

“ಅತ್ತಿ, ಅಂವ ಮನಷ್ಯಾ ಅಲ್ಲ, ಮಶೀನ್ ಐತಿ.”

“ಮಶೀನ್ ಇದ್ರ ಬಂದ್ ನಾಕ್ ಟಾಕಾ ಹೊಲೀಲಿ. ಕ್ಷಮಾ ಯಾಕ ಕೇಳತೈತಿ?”

“ಸರ್, ನೀವರ ಹೇಳ್ರಿ. ಊರಾಗ ಈ ಚಪ್ಪಲ್ ಕೇಳವ್ರು ಯಾರದಾರ? ಆನ್‌ಲೈನ್ ನಿಂತ್ರ ಇವ್ರ ಎಂಟೂ ಮಂದಿ ಮನೀಗಿ ಹೋಗಬೇಕಾಗತೈತಿ. ಒಂದ್ ಬೀಜ ತಗದ್ರ ಏನ್ ಹೋಗತೈತಿ? ಚಪ್ಪಲ್ ಚಪ್ಪಲ್ನ ಇರತೈತಿ.”

“ಮಾತ್ ತಗದ ಮ್ಯಾಲ ಚಪ್ಪಲ್ ಎಲ್ಲೈತಿ? ಬರೇ ತೊಗಲು.”

ಇಬ್ಬರೂ ನನ್ನ ಕಡೆ ನೋಡಿದರು, ಉಳಿದ ಎಂಟೂ ಜನ ನೋಡಿದರು. ಭಾಷಣ ಮಾಡಿ ರೂಢಿಯಾದವನು ನಾನು. ಬೀಜ ತೆಗೆಯಕೂಡದು ಎಂದೆ. ಆಮೇಲೆ, ನನ್ನ ಮಾತಿಗೆ ನಾನೇ ಕರಗುತ್ತ, ಹೌಸಾಬಾಯಿಯ ಕಡೆ ತಿರುಗಿದೆ. “ನಿಮ್ಮಪ್ಪ ನಮ್ಮ ಮನೀಗಿ ಬರೂದ್ ನಂಗ ಇನ್ನೂ ನೆನಪೈತ್ರಿ. ಓಣಿ ಆ ತುದೀಗಿ ಇದ್ದಾಗನ ಅವರ ಚಪ್ಪಲ್ ಕರ್ ಕರ್ ಕೇಳ್ತಿತ್ತು. ನಾ ಓಡಿ ಹೋಗಿ ಬಾಗಲಾ ತಗೀತಿದ್ನಿ. ಆ ಸಪ್ಪಳ ಇನ್ನೂ ನನ್ನ ಕಿವ್ಯಾಗ ಐತಿ.”

ಹೌಸಾಬಾಯಿ ಕೈಯಲ್ಲಿದ್ದ ದಬ್ಬಣ ಕೆಳಗಿಟ್ಟರು.

“ಮಾಸ್ತರ್ರ, ನಮ್ಮಪ್ಪ ನಿಮ್ಮ ಓಣ್ಯಾಗ ಬರಬೇಕಾದ್ರ ಚಪ್ಪಲ್ ಕೈಯಾಗ ಹಿಡಕೊಂಡ ಬರ್ತಿದ್ದ. ಮೂಲಿಗಿನ ಬಿಚ್ತಿದ್ದ. ನಾನೂ ಜೋಡಿ ಇರ್ತಿದ್ನಿ. ನಿಮಗ ಹೆಂಗ ಕೇಳ್ತರಿ?”

ಸಿಟ್ಟಿರಲಿಲ್ಲ. ಈ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದರು. ನನ್ನಲ್ಲಿ ಆಧಾರವಿರಲಿಲ್ಲ. ನನ್ನ ಸಂಕಟ ನೋಡಲಾರದೆ ಅವರೇ ದಾರಿ ಮಾಡಿಕೊಟ್ಟರು. “ನಿಮ್ಮಜ್ಜಾರ್ದು ಕೇಳಿರಬೇಕ್ ತಗೋರಿ.”

ಇರಬೇಕು. ಆದರೆ ಓಡಿ ಹೋಗಿ ತೆಗೆದ ಆ ಬಾಗಿಲು? ಅಜ್ಜನಿಗಾಗಿ ನಾನು ಎಂದೂ ಬಾಗಿಲು ತೆಗೆದವನಲ್ಲ. ಅವನ ಚಪ್ಪಲಿಯ ಸಪ್ಪಳ ಕೇಳಿದರೆ ಹಿತ್ತಲಿಗೆ ಓಡುತ್ತಿದ್ದೆ.

“ಚಪ್ಪಲ್ ಹೊಲದ್ ಮುಗದ ಮ್ಯಾಲ ಅಪ್ಪ ಮನ್ಯಾಗ ಅದನ್ನ ಹಾಕ್ಕೊಂಡು ನಾಕ್ ಹೆಜ್ಜಿ ನಡೀತಿದ್ದ,” ಅಂದರು ಹೌಸಾಬಾಯಿ, ಈಗ ಸೊಸೆಯ ಕಡೆ ನೋಡುತ್ತ. “ಮಾತಾಡ್ತೈತೋ ಇಲ್ಲೋ ನೋಡಾಕ. ಅವನ ಪಾಲಿಗಿ ಬಂದಿದ್ದು ಆ ನಾಕ ಹೆಜ್ಜಿ. ಈಗ ಯಾರ್ ಬೇಕಾದವ್ರು ತರಿಸಿಕೊಂಡು, ಯಾವ ಓಣ್ಯಾಗ ಬೇಕಾದ್ರೂ ಸಪ್ಪಳ ಮಾಡ್ಕೋತ ಹೋಗ್ಲಿ ಅಂತ ನಾ ಮಾಡಾಕತ್ತೇನಿ. ಅದಕ್ಕ ಕ್ಷಮಾ ಕೇಳ್ಬೇಕಾ?”

ಅಶ್ವಿನಿ ಫೋನು ಕೈಗೆತ್ತಿಕೊಂಡಳು. ಅದನ್ನು ಬಾಯಿಯ ಹತ್ತಿರ ತಂದು ಬಿಗಿಯಾಗಿ ಹೇಳಿದಳು: “ಸಪ್ಪಳ ದೋಷ ಅಲ್ಲ. ಸಪ್ಪಳಕ್ಕ ಕ್ಷಮಾ ಕೇಳಬ್ಯಾಡ.”

ಯಂತ್ರ ಬರೆಯಿತು: “ತಪ್ಪು ತಿಳಿದುಕೊಂಡದ್ದಕ್ಕಾಗಿ ಕ್ಷಮಿಸಿ.”

“ಕ್ಷಮಾ ಕೇಳಬ್ಯಾಡ ಅಂದ್ನೆಲ್ಲಾ!”

“ಮತ್ತೆ ಕ್ಷಮೆ ಕೇಳಿದ್ದಕ್ಕಾಗಿ ಕ್ಷಮಿಸಿ.”

“ಚಟಾ ಬಿದ್ದೈತಿ ಅದಕ್ಕ,” ಅಂದರು ಹೌಸಾಬಾಯಿ. ಕೋಣೆಗೆ ಕೋಣೆಯೇ ನಕ್ಕಿತು. ಅತ್ತೆ ಹೇಳಿದ್ದನ್ನು ಸೊಸೆ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿದಳು: ಈ ಚಪ್ಪಲಿ ನಡೆದರೆ ಸಪ್ಪಳ ಮಾಡುತ್ತದೆ. ಬೇಡವಾದವರು ತರಿಸಬೇಡಿ. ಈ ಸಲ ನಾನು ಎರಡೆರಡು ಬಾರಿ ಓದಿ ಹೂಂ ಅಂದೆ. ಕೇಳುವವರು ಮೊದಮೊದಲು ಕಡಿಮೆಯಾದರಂತೆ. ಆಮೇಲೆ ಯಾರೋ, ಇದಕ್ಕಿಂತ ಜೋರಾಗಿ ಸಪ್ಪಳ ಮಾಡುವುದು ಇದೆಯೇ ಎಂದು ಕೇಳಿದರಂತೆ. ಎಂಟೂ ಹೆಂಗಸರು ಇನ್ನೂ ಅದೇ ಕೋಣೆಯಲ್ಲಿ ಕೂತು ಹೊಲಿಯುತ್ತಿದ್ದಾರೆ.

ಅಂದು ಬಸ್ಸಿನಲ್ಲಿ ವಾಪಸಾಗುವಾಗ ನನಗೆ ಆ ಯಂತ್ರದ ಮೇಲೆ ಸ್ವಲ್ಪ ಅಕ್ಕರೆ ಹುಟ್ಟಿತು. ಗೊತ್ತಿಲ್ಲದ ಕಡೆ ಅದು ಒಂದು ಚೇಳನ್ನು ತಂದಿಟ್ಟಿತ್ತು. ನಾನು ಒಂದು ಸಪ್ಪಳವನ್ನು ತಂದಿಟ್ಟಿದ್ದೆ, ಅದೂ ಬರಿಗಾಲಲ್ಲಿ ನಡೆದು ಬಂದವನ ಕಾಲಿಗೆ. ಅದಾದರೂ ಕ್ಷಮೆ ಕೇಳಿತ್ತು.

ಅಥಣಿಗೆ ನನ್ನ ಕಾಲಿನ ಅಳತೆ ಕಳಿಸಲು ನನಗೆ ಇಷ್ಟು ದಿನ ಬೇಕಾಯಿತು. ಈಗ ಬೆಳಗಿನ ಆ ಡಬ್ಬಿಯಿಂದ ಚಪ್ಪಲಿ ತೆಗೆದು ಹಾಕಿಕೊಂಡೆ. ಅಡುಗೆಮನೆಯಿಂದ ಬಾಗಿಲವರೆಗೆ ನಡೆದೆ. ಕರ್. ಕರ್. ಕೆಳಗಿನ ಮನೆಯವರು ಟಿ.ವಿ.ಯ ದನಿ ತಗ್ಗಿಸಿದ್ದು ಕೇಳಿಸಿತು.

ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ನಿಮ್ಮ ಅನಿಸಿಕೆ ತಿಳಿಸಿ ಎಂದು ಅಶ್ವಿನಿಯ ಆ ಯಂತ್ರ ಕೇಳಿ, ನನಗೆ ತೊಂದರೆಯಾಗಬಾರದೆಂದು ಅನಿಸಿಕೆಯನ್ನೂ ಅದೇ ಬರೆದಿಟ್ಟಿತ್ತು: “ಬಾಲ್ಯದ ಮಧುರ ನೆನಪುಗಳನ್ನು ಮರಳಿ ತರುವ ಚಪ್ಪಲಿಗಳು!” ಕೆಳಗೆ ‘ಸರಿ’ ಎಂಬ ಗುಂಡಿ. ಒಲೆಯ ಮೇಲೆ ಚಹಾ ಉಕ್ಕಿ ಬರುತ್ತಿತ್ತು.

ಒಲೆ ಆರಿಸಿದೆ. ಆ ಸಾಲನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಒಂದೊಂದಾಗಿ ಅಳಿಸಿದೆ. ಇನ್ನೊಮ್ಮೆ ನಾಲ್ಕು ಹೆಜ್ಜೆ ನಡೆದು, ನಿಂತು, ಬರೆದೆ: “ಸಪ್ಪಳ ಮಾಡುತ್ತವೆ. ನಾನೇ ಕೇಳಿದ್ದೇನೆ.”