ಟಿ.ಸಿ. ಮುಂದಿನ ಕೊಡಗಳು

ಲೈನ್‌ಮನ್ ತಿರಕಪ್ಪನ ನೌಕರಿ ಮುಗಿಯಲು ಆರು ತಿಂಗಳಿತ್ತು. ಮೂವತ್ತು ವರ್ಷ ಹರ್ತಿ ಊರಿನ ಕಂಬ ಹತ್ತಿ ಇಳಿದ ಈ ಮನುಷ್ಯನಿಗೆ ಉಳಿದಿದ್ದ ಆಸೆ ಒಂದೇ: ತಂಗಿ ಅಮೃತವ್ವನ ಮೆಣಸಿನಕಾಯಿ ಹೊಲಕ್ಕೆ ಹಗಲು ಕರೆಂಟು ಬರಬೇಕು. ಗಂಡ ತೀರಿಕೊಂಡ ಮೇಲೆ ಅವಳು ಸರಿರಾತ್ರಿ ಬ್ಯಾಟರಿ ಹಿಡಿದು ಒಬ್ಬಳೇ ನೀರು ಹಾಯಿಸಲು ಹೋಗುತ್ತಿದ್ದಳು. ಅವಳು ತಿರುಗಿ ಬರುವತನಕ ಇವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಊರಿಗೆ ಸೋಲಾರ್ ಪ್ಲಾಂಟ್ ಬಂತು. ಉದ್ಘಾಟನೆಗೆ ಬಂದ ಸಾಹೇಬರು, ಎರಡು ಸಾವಿರದ ಎಪ್ಪತ್ತಕ್ಕೆ ದೇಶ ತನ್ನ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರಲಿದೆ ಎಂದು ಭಾಷಣ ಬಿಗಿದರು. ತಿರಕಪ್ಪನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಮೊದಲು ಪಡುವಣ ಹೊಲಗಳಿಗೆ ಹಗಲು ಕರೆಂಟು. ಅಲ್ಲಿ ಮೂವತ್ತು ದಿನ ಏನೂ ಕೆಡದಿದ್ದರೆ ಬ್ಯಾಂಕು ಯೋಜನೆಗೆ ಉಳಿದ ಸಾಲ ಕೊಡುತ್ತದೆ, ಆಗ ಮೂಡಣ ಭಾಗಕ್ಕೂ ಲೈನು. ಅಮೃತವ್ವನ ಹೊಲ ಇದ್ದದ್ದು ಮೂಡಣಕ್ಕೆ.

ಮೊದಲ ದಿನವೇ ಟ್ರಾನ್ಸ್‌ಫಾರ್ಮರ್, ಅಂದರೆ ಊರವರ ಟಿ.ಸಿ., ಸುಟ್ಟು ಕೂತಿತು. ಕರೆಂಟು ಯಾವಾಗ ಬರುತ್ತದೋ ಎಂದು ಮೋಟಾರು ತಾನೇ ಏಳುವಂತೆ ಸ್ಟಾರ್ಟರನ್ನು ಸದಾ ಆಟೋದಲ್ಲಿ ಬಿಡುವುದು ಊರ ರೈತರ ಹಳೇ ಚಟ. ಬೆಳಿಗ್ಗೆ ಒಂಬತ್ತಕ್ಕೆ ಕರೆಂಟು ಬರುತ್ತಲೇ ಅಷ್ಟೂ ಮೋಟಾರು ಒಮ್ಮೆಲೇ ಎದ್ದವು. ಹೊಸ ಟಿ.ಸಿ. ಕೊಟ್ಟ ಸಾಹೇಬರು, ಮೂವತ್ತು ದಿನದ ಲೆಕ್ಕ ಮತ್ತೆ ಮೊದಲಿಂದ, ಇದೂ ಸುಟ್ಟರೆ ಯೋಜನೆ ಬೇರೆ ಊರಿಗೆ ಎಂದರು. ತಿರಕಪ್ಪ ಮನೆಮನೆಗೆ ಹೋಗಿ ಪಾಳಿಯ ಮೇಲೆ ಮೋಟಾರು ಹಚ್ಚಿರೆಂದು ಕೈಮುಗಿದ. ಗಂಡಸರೆಲ್ಲ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹರ್ತಿಯಲ್ಲಿ ನಲ್ಲಿಯ ಮುಂದೆ ಕೊಡ ಇಟ್ಟು ಹೋದರೆ ಪಾಳಿ ಹಿಡಿದಂತೆ. ಇನ್ನೊಬ್ಬರ ಕೊಡ ಸರಿಸುವ ಎದೆಗಾರಿಕೆ ಯಾರಿಗೂ ಇಲ್ಲ. ತಿರಕಪ್ಪ ಹೆಂಗಸರಿಗೆ ಹೇಳಿ, ಮೋಟಾರಿಗೊಂದರಂತೆ ಟಿ.ಸಿ. ಬೇಲಿಯ ಹೊರಗೆ ಕೊಡ ಇಡಿಸಿದ. ಸಾಲಿನ ಮುಂದಿನ ನಾಲ್ಕು ಕೊಡದವರ ಮೋಟಾರು ಮೊದಲು, ಅವರದು ಮುಗಿದ ಮೇಲೆ ಮತ್ತೆ ನಾಲ್ಕು. ಕಾಯಲು ತಂಗಿಯನ್ನೇ ಕೂರಿಸಿದ. ಆ ಕಡೆ ಹೊಲವಿಲ್ಲದವಳ ಮೇಲೆ ಯಾರು ಅನುಮಾನ ಪಟ್ಟಾರು?

“ಮಂದಿ ಹೊಲಕ್ಕ ಹಗಲ ನೀರ ಹಾಯೂದ ನೋಡ್ಕೊಂತ ತಿಂಗಳಗಟ್ಲೆ ಕುಂಡ್ರಲೇನಣ್ಣಾ?” ಎಂದಳು ಅಮೃತವ್ವ. ಆದರೂ ಅವಳು ಹೋಗಿ ಟಿ.ಸಿ. ಹತ್ತಿರದ ಬೇವಿನ ನೆರಳಿಗೆ ಕೂತಳು.

ಇಪ್ಪತ್ತನೇ ದಿನ ದೊಡ್ಡ ಹೊಲದ ಸಂಗಪ್ಪ ಬಂದು ತಮ್ಮ ಮನೆಯ ಕೊಡ ಮುಂದೆ ಸರಿಸಲು ಬಗ್ಗಿದರು.

“ಇಟ್ಟವ್ರು ಸುಮಿತ್ರವ್ವಾರು. ಅವರ್ನ ಕೇಳಿ ಸರಸ್ರಿ,” ಎಂದಳು ಅಮೃತವ್ವ, ಕೂತಲ್ಲಿಂದಲೇ.

ಹೆಂಡತಿಯನ್ನು ಕೇಳಲು ಸಂಗಪ್ಪ ಹೋಗಲಿಲ್ಲ.

ಮೂವತ್ತು ದಿನ ಟಿ.ಸಿ. ತಣ್ಣಗಿತ್ತು. ಸಾಲ ಬಂದು ಲೈನು ಎಳೆದು ಮುಗಿಯುವಾಗ ತಿರಕಪ್ಪನ ನೌಕರಿಗೆ ಹತ್ತು ದಿನ ಬಾಕಿ. ಮೂಡಣಕ್ಕೆ ಹಗಲು ಕರೆಂಟು ಬರುವ ದಿನ ಅವನು ಏಳಕ್ಕೇ ತಂಗಿಯ ಮನೆಗೆ ಬಂದ. ಬಾಗಿಲಿಗೆ ಒಳಚಿಲಕ. ಐದಕ್ಕೆ ಏಳುವವಳು! ಬಾಗಿಲಿಗೆ ಕಿವಿ ಹಚ್ಚಿದರೆ ಒಳಗೆ ಗೊರಕೆ.

ಪಕ್ಕದ ಮನೆಯ ರಸೂಲಬಿ ಬಾಗಿಲು ಬಡಿಯಲು ಬಂದಳು. ತಿರಕಪ್ಪ ಅಡ್ಡ ನಿಂತ. ಕಣ್ಣುಗಳು ಒದ್ದೆಯಾಗಿದ್ದವು.

“ಮಲಗ್ಲಿ ಬಿಡವಾ. ಒಂಬತ್ತಕ್ಕ ಇನ್ನೂ ಎರಡ ತಾಸ ಐತಿ.”

ಎಬ್ಬಿಸುವ ಹೊಣೆ ತನ್ನದೆಂದು ಅವನು ಕಟ್ಟೆಯ ಮೇಲೆ ಕೂತ. ಎಂಟೂವರೆಗೆ ರಸೂಲಬಿ ಬಂದು ಮೊದಲು ಅವನನ್ನು ಎಬ್ಬಿಸಬೇಕಾಯಿತು.