ಬೆಲ್ಲ ನೀರು ನಿರಾಕರಿಸಿದ ಬಗ್ಗೆ

ಮಾನ್ಯ ಓದುಗರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾನು ಈವರೆಗೆ ಶಾಲೆಗಳಿಗೂ ಶಿಕ್ಷಣ ಕಚೇರಿಗೂ ಮನವಿಗಳನ್ನು ಬರೆದಿದ್ದೇನೆಯೇ ಹೊರತು ಓದುವವರಿಗಾಗಿ ಏನನ್ನೂ ಬರೆದವಳಲ್ಲ. ಭಾಷೆಯಲ್ಲಿ ಮನವಿಯ ಧಾಟಿ ಕಂಡುಬಂದಲ್ಲಿ ಮನ್ನಿಸಬೇಕು. ಕೋಪ ಕಂಡುಬಂದಲ್ಲಿ ಮನ್ನಿಸಬೇಕಾಗಿಲ್ಲ. ಹೆಸರುಗಳನ್ನು ಬಿಟ್ಟಿದ್ದೇನೆ, ಏಕೆಂದರೆ ಹುಡುಗಿಯ ಪರೀಕ್ಷೆ ಇನ್ನೂ ಮುಂದಿದೆ.

ಬುದ್ಧಿ ಚುರುಕಾಗಿದ್ದೂ ಓದು ಬರಹ ಕೈಗೆ ಹತ್ತದ ಮಕ್ಕಳಿಗೆ ನಾನು ಬಾರ್ಕೂರಿನ ನಮ್ಮ ಮನೆಯ ಜಗಲಿಯಲ್ಲಿ ಪಾಠ ಹೇಳುತ್ತೇನೆ. ಬ್ರಹ್ಮಾವರದಿಂದ, ಕುಂದಾಪುರದಿಂದ ಬಸ್ಸಿನಲ್ಲಿ ಬರುತ್ತಾರೆ. ಬೈಂದೂರಿನ ಒಬ್ಬ ರೈಲಿನಲ್ಲಿ ಬರುತ್ತಾನೆ. ಅವರ ಶಾಲೆಗಳಿಗೆ ಹೋಗಿ ಅವರ ಪರವಾಗಿ ಮಾತನಾಡುವುದೂ ನನ್ನ ಕೆಲಸವೇ. ಪಾಠ ಹೇಳುವುದು ಸುಲಭ.

ಸದರಿ ಹುಡುಗಿ ನಮ್ಮ ನೆರೆಯ ಊರಿನವಳು. ತಂದೆ ಮುಂಬೈಯ ಹೋಟೆಲಿನಲ್ಲಿದ್ದಾರೆ. ಮನೆ, ಗದ್ದೆ, ಮಗಳು, ಎಲ್ಲವನ್ನೂ ತಾಯಿಯೇ ನೋಡಿಕೊಳ್ಳುತ್ತಾರೆ. ಪುಟ ತೆರೆದರೆ ಹುಡುಗಿಗೆ ಸಾಲುಗಳು ಒಂದರ ಮೇಲೊಂದು ಏರುತ್ತವೆ, ಒತ್ತಕ್ಷರಗಳು ಕಳಚಿ ಬೀಳುತ್ತವೆ. ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಒಂದು ಸೀಳು ಕತ್ತರಿಸಿ, ಒಮ್ಮೆಗೆ ಒಂದೇ ಸಾಲು ಕಾಣುವಂತೆ ಮಾಡಿಕೊಟ್ಟೆ. ವಿಜ್ಞಾನದ ಪಾಠಗಳನ್ನು ಫೋನಿನಲ್ಲಿ ಓದಿ ಕಳುಹಿಸಿದೆ. ಹಲಸಿನ ಸೊಳೆ ಬಿಡಿಸುತ್ತ ಕೇಳಿದವಳು ಮರುದಿನ ರಕ್ತಪರಿಚಲನೆಯನ್ನು ಜಗಲಿಯಲ್ಲಿ ನಿಂತು ಬಾಯಲ್ಲೇ ಪೂರ್ತಿ ವಿವರಿಸಿದಳು. ಅದನ್ನೇ ಬರೆಯಲು ಕೂರಿಸಿದರೆ ಅರ್ಧ ಪುಟಕ್ಕೆ ಬೆವರುತ್ತಾಳೆ. ಇಂಥವರು ಉತ್ತರ ಹೇಳಿ ಬೇರೆಯವರಿಂದ ಬರೆಸಬಹುದು, ಹೆಚ್ಚು ಸಮಯವನ್ನೂ ಪಡೆಯಬಹುದು ಎಂದು ಪರೀಕ್ಷೆಯ ನಿಯಮಗಳಲ್ಲೇ ಇದೆ. ಆಸ್ಪತ್ರೆಯ ಪ್ರಮಾಣಪತ್ರವೂ ಸಿದ್ಧವಿತ್ತು. ಶಾಲೆಯವರು ಅರ್ಜಿಯನ್ನು ಮೇಲಕ್ಕೆ ಕಳುಹಿಸಬೇಕಿತ್ತು, ಅಷ್ಟೇ.

ಆದರೆ ಆ ಶಾಲೆಯ ಗೇಟಿನ ಮೇಲೆ ಒಂದು ಫ್ಲೆಕ್ಸ್ ಇದೆ: ಹತ್ತನೆಯ ತರಗತಿಯಲ್ಲಿ ಶೇಕಡಾ ನೂರು ಫಲಿತಾಂಶ. ಆ ನೂರನ್ನು ಹೇಗೆ ಮಾಡುತ್ತಾರೆಂಬುದು ಊರಿಗೆಲ್ಲ ಗೊತ್ತು, ಯಾರೂ ಹೇಳುವುದಿಲ್ಲ. ತೇರ್ಗಡೆಯಾಗುವ ಭರವಸೆಯಿಲ್ಲದವರನ್ನು ಒಂಬತ್ತನೆಯ ತರಗತಿಯ ಕೊನೆಯಲ್ಲಿ ಹೊರಗೆ ಕಳುಹಿಸುತ್ತಾರೆ. ಗದರಿಸಿ ಅಲ್ಲ, ಉಪಚರಿಸಿ.

ಹುಡುಗಿ ಒಂಬತ್ತನೆಯ ತರಗತಿ ಮುಗಿಸಿದ ಮೇಲೆ, ಮೇ ತಿಂಗಳಲ್ಲಿ ಮುಖ್ಯೋಪಾಧ್ಯಾಯರು ತಾಯಿಯನ್ನು ಕರೆಸಿಕೊಂಡರು. ಅಲ್ಲಿಂದ ಅವರು ನೇರವಾಗಿ ನಮ್ಮ ಜಗಲಿಗೆ ಬಂದರು, ಮುಖ ಸೋತಿತ್ತು.

"ಹೆಣ್ಣಿನ ಟಿ.ಸಿ. ತಕಂಡ್ ಹೋಯ್ಕ್ ಅಂಬ್ರ್. ನಾ ಆಯ್ತ್ ಅಂದ್ ಬಿಟ್ಟೆ."

"ಆಯ್ತ್ ಅಂದ್ರ್ಯಾ? ಎಂತಕ್ಕೆ?"

"ಎದ್ದ್ ನಿಂತ್ ಅಕ್ಕ ಅಂದ್ರ್. ಬೆಲ್ಲ ನೀರ್ ಕೊಟ್ರ್. ಕುಡ್ದೆ. ಕುಡ್ದ್ ಮೇಲೆ ಇಲ್ಲ ಅಂಬುದ್ ಹ್ಯಾಂಗೆ ಮಾರಾಯ್ರೆ?"

ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಅದನ್ನು ಸ್ವೀಕರಿಸಿದವರು ಮನೆಯವರ ಮುಖಕ್ಕೆ ಹೊಡೆದಂತೆ ಮಾತನಾಡುವುದಿಲ್ಲ. ನಮ್ಮ ಹಿರಿಯರು ದಾಹಕ್ಕಾಗಿ ಮಾಡಿದ ಪದ್ಧತಿಯನ್ನು ಈ ಮನುಷ್ಯರು ಬೀಗಮುದ್ರೆಯಂತೆ ಬಳಸುತ್ತಿದ್ದಾರೆಂದು ಆಗ ನನಗೆ ಅರ್ಥವಾಯಿತು. ಪಾಠಕ್ಕೆ ಬಂದು ಒಳಗಿದ್ದ ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡು ಹೊಸಿಲಲ್ಲಿ ನಿಂತು ಕೇಳಿದಳು: "ಮಿಸ್, ನಾನ್ ಪೆದ್ದಿಯಾ?" ಒಂದನೆಯ ತರಗತಿಯಿಂದಲೂ ಅದೇ ಶಾಲೆಯಲ್ಲಿ ಕುಳಿತವಳು.

ವರ್ಗಾವಣೆ ಪತ್ರಕ್ಕೆ ತಾಯಿ ಇನ್ನೂ ಸಹಿ ಮಾಡಿರಲಿಲ್ಲ. ಆದುದರಿಂದ ಆ ವಾರ ನಾನು ಮಗಳಿಗಲ್ಲ, ತಾಯಿಗೆ ಪಾಠ ಮಾಡಿದೆ. ನಾನೇ ಮುಖ್ಯೋಪಾಧ್ಯಾಯರಾಗಿ ಕುರ್ಚಿಯಲ್ಲಿ ಕುಳಿತು ಬೆಲ್ಲ ನೀರಿನ ತಟ್ಟೆ ಮುಂದಿಟ್ಟೆ. ಕುಡಿಯಬಾರದು, ಹೇಳಬೇಕಾದುದನ್ನು ಹೇಳಬೇಕು. ಮೊದಲ ಸಲ ಅವರು ಗಟಗಟ ಕುಡಿದೇಬಿಟ್ಟರು.

"ಕೈ ತನ್ನಷ್ಟಕ್ಕೇ ಹೋಯ್ತಲೆ!" ಎಂದು ನಕ್ಕರು. ಮಗಳು ಬಾಗಿಲ ಸಂದಿಯಿಂದ, "ಅಮ್ಮ ಫೇಲ್!" ಎಂದಳು. ನಾನೂ ನಕ್ಕೆ. ಆಮೇಲೆ, ಹೀಗೊಂದು ಪಾಠವನ್ನು ಯಾಕೆ ಮಾಡಬೇಕಾಗಿ ಬಂತು ಎಂದು ನೆನೆದು ನಗು ನಿಂತಿತು.

ಶಾಲೆಗೆ ಇಬ್ಬರೂ ಹೋದೆವು. ಬಸ್ ಇಳಿದು ಗೇಟಿಗೆ ನಡೆಯುವಷ್ಟರಲ್ಲಿ ಸೀರೆ ಬೆನ್ನಿಗೆ ಅಂಟಿತ್ತು.

"ಹ್ವಾಯ್, ಬನ್ನಿ ಅಕ್ಕ, ಕೂಕಣಿ. ಎಂತ ಬಿಸ್ಲ್! ಮೊದ್ಲ್ ಆಸ್ರಿ ಕುಡಿನಿ," ಎಂದು ಮುಖ್ಯೋಪಾಧ್ಯಾಯರು ಬೆಲ್ಲ ನೀರಿನ ತಟ್ಟೆಯನ್ನು ಮುಂದೆ ಸರಿಸಿದರು.

ತಾಯಿ ಲೋಟದ ಬಾಯಿಗೆ ಅಂಗೈ ಮುಚ್ಚಿದರು. "ಆಸ್ರಿ ಆಮೇಲ್. ನನ್ ಹೆಣ್ಣನ್ನ ಎಂತಕ್ ಕಳ್ಸುದ್ ಅಂದೇಳಿ ಮೊದ್ಲ್ ಬರ್ದ್ ಕೊಡಿ."

ಅವರು ನಕ್ಕರು. "ನಾವ್ ಕಳ್ಸುದ್ ಎಲ್ಲಿ ಅಕ್ಕ? ನೀವೇ ಕರ್ಕಂಡ್ ಹೋಪುದ್ ಅಲ್ದಾ? ಕಾಣಿ, ಟಿ.ಸಿ.ಯಲ್ಲಿ ನಡತೆ ಒಳ್ಳೇದ್ ಅಂದೇಳಿ ಬರೆತೆ."

"ನಾವ್ ಹೋಪುದಿಲ್ಲ. ನೀವ್ ಕಳ್ಸುದಾರೆ ಕಾರಣ ಬರೀನಿ."

ಕಾರಣ ಬರೆದರೆ ಅದು ನಿಯಮ ಮೀರಿದ್ದಕ್ಕೆ ಅವರದೇ ಕೈಬರಹದ ಸಾಕ್ಷಿಯಾಗುತ್ತದೆಂದು ಅವರಿಗೆ ತಿಳಿದಿತ್ತು. ಬೆಲ್ಲಕ್ಕೆ ಇರುವೆ ಬಂತು. ತಾಯಿಯ ತುಟಿ ಒಣಗಿ ಬಿರಿದಿತ್ತು. ಅಂಗೈ ಮಾತ್ರ ಕದಲಲಿಲ್ಲ. ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿದರು.

"ಇದೆಲ್ಲ ನೀವ್ ಹೇಳಿಕೊಟ್ಟದ್ದಾ ಟೀಚರ್?"

"ಹೌದ್ ಸರ್. ನನ್ ಕೆಲ್ಸ ಅದೇ."

"ಸರಿ, ಇರ್ಲಿ. ಕಾಂಬ."

ನೋಡೋಣ ಎನ್ನುವ ಈ 'ಕಾಂಬ' ನಮ್ಮಲ್ಲಿ ಇಲ್ಲ ಎನ್ನುವುದರ ಮರ್ಯಾದೆಯ ರೂಪ. ಇದನ್ನು ನಾನು ಅಭ್ಯಾಸ ಮಾಡಿಸಿರಲಿಲ್ಲ. ತಾಯಿಯೇ ಹೇಳಿದರು: "ಕಾಂಬುದ್ ಬ್ಯಾಡ. ಈಗ್ಳೇ ಹತ್ನೇ ಕ್ಲಾಸಿನ ಹಾಜ್ರಿಗೆ ಹೆಸ್ರ್ ಹಾಕಿ. ಹಾಕುದ್ ಕಂಡೇ ಏಳುದ್ ನಾನ್."

ಅವರು ಹಾಕಿದರು. ಪೆನ್ನಿನ ಮೊನೆ ಕಾಗದವನ್ನು ಹರಿಯುವಂತೆ ಒತ್ತಿ ಹಾಕಿದರು.

ಹೊರಗೆ ಬಂದೊಡನೆ ತಾಯಿ ಮಕ್ಕಳ ನಲ್ಲಿಗೆ ಬಾಗಿ, ಬೊಗಸೆಯಲ್ಲಿ ನೀರು ಹಿಡಿದು, ಉಸಿರು ತೆಗೆಯದೆ ಕುಡಿದರು. ಸೆರಗು ಒದ್ದೆಯಾಯಿತು. ತಲೆಯ ಮೇಲೆ ಶೇಕಡಾ ನೂರರ ಫ್ಲೆಕ್ಸ್ ಗಾಳಿಗೆ ಬಡಿಯುತ್ತಿತ್ತು. ತನ್ನ ಮಗು ತನ್ನದೇ ಬೆಂಚಿನಲ್ಲಿ ಕೂರಬೇಕೆಂದು ಒಬ್ಬ ಹೆಂಗಸು ಗಂಟಲು ಒಣಗಿಸಿಕೊಂಡು ಕಾದ ಆ ಹೊತ್ತನ್ನು ನನಗೆ ಯಾವ ಮನವಿಯಲ್ಲೂ ಬರೆಯಲಾಗಲಿಲ್ಲ. ಅದಕ್ಕೆ ಅಲ್ಲಿ ಕಾಲಂ ಇಲ್ಲ. ಆದುದರಿಂದ ಇಲ್ಲಿ ಬರೆದಿದ್ದೇನೆ.

ಶಾಲೆ ಪುನರಾರಂಭವಾಗಿದೆ. ಹುಡುಗಿ ಹತ್ತನೆಯ ತರಗತಿಯಲ್ಲಿದ್ದಾಳೆ, ಕೊನೆಯ ಬೆಂಚಿನಲ್ಲಿ. ರಟ್ಟಿನ ಸೀಳನ್ನು ಆಟದ ಸಾಮಾನೆಂದು ಒಬ್ಬ ಶಿಕ್ಷಕಿ ಕಿತ್ತುಕೊಂಡರು. ನಾನು ಇನ್ನೊಂದನ್ನು ಕತ್ತರಿಸಿ ಕೊಟ್ಟೆ. ಉತ್ತರ ಬರೆದುಕೊಡುವವರನ್ನು ಕೋರಿದ ಅರ್ಜಿ ಇನ್ನೂ ಮುಖ್ಯೋಪಾಧ್ಯಾಯರ ಮೇಜಿನ ಮೇಲೆಯೇ ಇದೆಯೆಂದು ತಿಳಿದುಬಂದಿರುವುದರಿಂದ ಸೋಮವಾರ ಪುನಃ ಹೋಗತಕ್ಕದ್ದೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಈ ಬಾರಿ ನೀರನ್ನು ಮನೆಯಿಂದಲೇ ಒಯ್ಯುತ್ತೇವೆ.