ಅವರ ಬದಲಿಗೆ ತಿಂದು ಬಂದದ್ದು

ನಮ್ಮನೆಯವರಿಗೆ ಗಂಟಲಿನ ಆಪರೇಷನ್ ಆಗಿ ಐದು ತಿಂಗಳಾಗಿತ್ತು. ಹೊಟ್ಟೆಗೆ ಹಾಕಿದ್ದ ಪೈಪಿನಲ್ಲಿ ಮೂರು ಗಂಟೆಗೊಮ್ಮೆ ಗಂಜಿ, ಹಾಲು, ಸೋಸಿದ ಬೇಳೆಕಟ್ಟು ಹೋಗುತ್ತಿತ್ತು. ಬಾಯಿಗೆ ಏನೂ ಇಲ್ಲ. ಒಂದು ದಿನ ಬೆಳಿಗ್ಗೆ ಪೈಪಿಗೆ ನೀರು ಬಿಟ್ಟು ಮುಚ್ಚಳ ಹಾಕುತ್ತಿದ್ದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಆಪರೇಷನ್ ಆದಮೇಲೆ ಅವರ ಧ್ವನಿ ಅರ್ಧ ಗಾಳಿಯಾಗಿತ್ತು. ಹತ್ತಿರ ಬಗ್ಗಿದರೆ ಮಾತ್ರ ಕೇಳಿಸುತ್ತಿತ್ತು.

"ಆಸ್ನಕ್ಕೆ ಓಗಿ ಒಂದು ಮಸಾಲೆ ದೋಸೆ ತಿನ್ಕಂಡ್ ಬಾ" ಅಂದರು.

"ಏನ್ರೀ, ತಲೆ ಕೆಟ್ಟಿದ್ಯಾ?"

"ತಿನ್ಕಂಡ್ ಬಂದು ಎಂಗಿತ್ತು ಅಂತ ಯೋಳು. ಅಷ್ಟೇ."

ಅವರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ನಾವಿರುವುದು ಹೊಳೆನರಸೀಪುರದಲ್ಲಿ. ಒಂದಷ್ಟು ವರ್ಷ ಅರಕಲಗೂಡಿನ ರೂಟು, ಒಂದಷ್ಟು ವರ್ಷ ಹಾಸನದ್ದು, ಕೊನೆಗೆ ಚನ್ನರಾಯಪಟ್ಟಣದ್ದು. ಈ ನಾಲ್ಕು ಊರಲ್ಲಿ ಯಾವ ಹೋಟೆಲಲ್ಲಿ ಯಾವ ಹೊತ್ತಿಗೆ ಏನು ಬಿಸಿ ಇರುತ್ತೆ ಅನ್ನುವುದು ಅವರಿಗೆ ಟಿಕೆಟ್ ದರಕ್ಕಿಂತ ಚೆನ್ನಾಗಿ ಗೊತ್ತಿತ್ತು. ಬಸ್ಸಲ್ಲಿ ಹೊಸಬರು ಕಂಡರೆ, ಇಳಿಯುವ ಮುಂಚೆ ಎಲ್ಲಿ ಊಟ ಮಾಡಬೇಕು ಅಂತ ಹೇಳಿಯೇ ಕಳಿಸುತ್ತಿದ್ದರಂತೆ.

ನನ್ನ ತವರು ಕೊಣನೂರು. ನಮ್ಮ ಮನೆಯಲ್ಲಿ ಹೆಂಗಸರು ಹೋಟೆಲಿಗೆ ಹೋಗುತ್ತಿರಲಿಲ್ಲ. ಮದುವೆಯಾದ ಮೊದಲ ವಾರವೇ ಇವರು ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋದರು. ದೇವಸ್ಥಾನ ತೋರಿಸುತ್ತಾರೇನೋ ಅಂದುಕೊಂಡಿದ್ದೆ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಆರು ಟೇಬಲ್ಲಿನ ಒಂದು ಹೋಟೆಲಿಗೆ ನುಗ್ಗಿ, ಒಂದೇ ಮಸಾಲೆ ದೋಸೆ ಹೇಳಿ, ಎರಡು ತಟ್ಟೆ ಕೇಳಿದರು. ಪಲ್ಯ ಇರುವ ನಡುವಿನ ಭಾಗ ಪೂರ್ತಿ ನನ್ನ ತಟ್ಟೆಗೆ ಹಾಕಿ, ಗರಿಗರಿ ಅಂಚು ತಾವು ಇಟ್ಟುಕೊಂಡರು. ಆಮೇಲೆ ಇನ್ನೊಂದು ದೋಸೆ, ಅದೂ ಹಾಗೇ. ಹೊಸ ಹೆಂಡತಿ ಅಂತ ಒಳ್ಳೆಯದು ನನಗೆ ಕೊಟ್ಟರು ಅಂದುಕೊಂಡೆ. ಒಳ್ಳೆಯದು ಅಂಚೇ ಅಂತ ತಿಳಿಯುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು. ಅಲ್ಲಿಂದ ಮುಂದೆ ಅಂಚಿಗಾಗಿ ಜಗಳವೇ. ಅವರ ವಾರದ ರಜೆಯೂ ನಾನು ಪಾಠ ಮಾಡುವ ಶಾಲೆಯ ಅರ್ಧ ದಿನವೂ ಒಂದೇ ಶನಿವಾರಕ್ಕೆ ಬಂದರೆ ನಾವು ಮನೆಯಲ್ಲಿ ಇರುತ್ತಿರಲಿಲ್ಲ. ದೋಸೆ ತಿಂದು, ಕಾಫಿ ಕುಡಿದು, ಪಾರ್ಕಿನಲ್ಲಿ ಕೂತು, ಬೇಕರಿಯಲ್ಲಿ ಆಲೂಗಡ್ಡೆ ಪಲ್ಯದ ಬನ್ನು ಕಟ್ಟಿಸಿಕೊಂಡು ಬಸ್ಸು ಹತ್ತುತ್ತಿದ್ದೆವು.

ಕಾಯಿಲೆ ಬಂದಮೇಲೆ ಮೈಸೂರಿಗೆ ಓಡಾಡಿದ್ದು, ಕೊಯ್ದದ್ದು, ಆಮೇಲೆ ವಾರಗಟ್ಟಲೆ ರೇಡಿಯೇಷನ್ ಕರೆಂಟು ಕೊಡಿಸಿದ್ದು, ಅದನ್ನೆಲ್ಲ ಬರೆಯುವುದಿಲ್ಲ. ಮನೆಗೆ ಬಂದಮೇಲೆ ನಾನು ಒಗ್ಗರಣೆ ಹಾಕುವುದನ್ನೇ ಬಿಟ್ಟೆ. ಸಾಸಿವೆ ಸಿಡಿದ ವಾಸನೆ ಅವರ ಮೂಗಿಗೆ ಹೋಗಬಾರದು ಅಂತ. ನನ್ನ ಊಟ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಒಂದಿಷ್ಟು ಮೊಸರನ್ನ. ಅವರಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ.

ಅವತ್ತು ಅವರ ಒತ್ತಾಯಕ್ಕೆ ಶಾಲೆಗೆ ರಜೆ ಹಾಕಿ ಬಸ್ಸು ಹತ್ತಿದೆ. ಪಕ್ಕದ ಮನೆಯ ಹೆಂಗಸು ಅವರನ್ನು ನೋಡಿಕೊಳ್ಳುತ್ತೇನೆ ಅಂದಿದ್ದಳು. ಹಾಸನದಲ್ಲಿ ಇಳಿದವಳು ಹೋಟೆಲಿನ ಕಡೆ ಹೋಗಲೇ ಇಲ್ಲ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದು, ಬರಿ ಹೊಟ್ಟೆಯಲ್ಲಿ ವಾಪಸ್ಸು ಬಂದೆ.

ಮಂಚದ ಮೇಲೆ ಒರಗಿ ಕೂತು ಕಾಯುತ್ತಿದ್ದರು. "ತಿಂದಾ?"

"ಹ್ಞೂಂ. ನಮ್ಮ ಹೋಟ್ಲಲ್ಲೇ."

"ಚಟ್ನಿ?"

"ಕೆಂಪು ಚಟ್ನಿ ಹಚ್ಚಿದ್ರು. ಕಾಯಿ ಚಟ್ನಿನೂ ಕೊಟ್ರು. ಚೆನ್ನಾಗಿತ್ತು."

ನನ್ನ ಮುಖ ನೋಡಿದರು. "ನೀನು ಓದ್ಮೇಲೆ ಗ್ಯಾನ ಬಂತು, ಇವತ್ತು ಮಂಗಳವಾರ ಅಂತ. ಮಂಗಳವಾರ ಆ ಓಟ್ಲು ಬಾಗ್ಲು ತೆಗೆಯಲ್ಲ ಕಣೆ" ಅಂದು ಗೋಡೆ ಕಡೆ ತಿರುಗಿಕೊಂಡರು.

ಸಂಜೆ ಗಂಜಿ ಹಾಕುವಾಗ ಅವರೇ ಮಾತು ತೆಗೆದರು. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

"ನಾನು ತಿನ್ನಕ್ಕಾಗಲ್ಲ ಅನ್ನೋದ್ನ ಎಂಗೋ ತಡ್ಕತೀನಿ. ನೀನು ಇತ್ಲಲ್ಲಿ ಕೂತ್ಕಂಡು ಕದ್ದು ತಿನ್ನೋದ್ನ ತಡ್ಕಳಕ್ಕಾಗಲ್ಲ. ಒಗ್ಗರಣೆ ವಾಸ್ನೆ ಬಂದು ಎಷ್ಟು ದಿನ ಆಯ್ತು ಈ ಮನೇಲಿ. ನಾನಿನ್ನೂ ಸತ್ತಿಲ್ವಲ್ಲ."

ಅವತ್ತೇ ಎಣ್ಣೆ ಕಾಯಿಸಿ, ಸಾಸಿವೆ, ಕರಿಬೇವು, ಬೆಳ್ಳುಳ್ಳಿ ಹಾಕಿ ಒಂದು ಬಸ್ಸಾರು ಮಾಡಿದೆ. ತಟ್ಟೆ ತಂದು ಅವರ ಎದುರಿಗೇ ಕೂತು ಮುದ್ದೆ ಮುರಿದೆ. ಅವರು ನೋಡುತ್ತಾ ಕೂತರು. ತುಂಬ ಕಷ್ಟವಾಯಿತು, ಆದರೂ ಪೂರ್ತಿ ಉಂಡೆ.

ಶನಿವಾರ ಶಾಲೆ ಮುಗಿಸಿಕೊಂಡು ಮತ್ತೆ ಹಾಸನಕ್ಕೆ ಹೋದೆ. ಐವತ್ತು ದಾಟಿದ್ದರೂ ಹೋಟೆಲಲ್ಲಿ ಒಬ್ಬಳೇ ಕೂತು ತಿಂದವಳಲ್ಲ ನಾನು. ಗೋಡೆ ಕಡೆ ಮುಖ ಮಾಡಿ ಕೂತೆ. ನಮ್ಮ ಮದುವೆಯ ಕಾಲದಿಂದಲೂ ಅಲ್ಲಿರುವ ಸಪ್ಲೈಯರ್ ನೀರು ತಂದಿಟ್ಟ. ಈಗ ಅವನಿಗೂ ತಲೆ ಪೂರ್ತಿ ಬೆಳ್ಳಗಾಗಿದೆ.

"ಏನಕ್ಕಾ ಒಬ್ರೇ? ಕಂಡಕ್ಟ್ರು ಕಾಣ್ದೆ ಬಾಳ ದಿನ ಆಯ್ತಲ್ಲ."

ಹೇಳಿದೆ. ಅವನು ಲೋಟಗಳನ್ನು ಕೈಯಲ್ಲಿ ಹಿಡಿದುಕೊಂಡೇ ಪೂರ್ತಿ ಕೇಳಿದ. ಒಳಗೆ ಹೋದ. ದೋಸೆ ತಂದಾಗ ಜೊತೆಗೆ ಒಂದು ಖಾಲಿ ತಟ್ಟೆಯೂ ಇತ್ತು. ಇಷ್ಟು ವರ್ಷದ ರೂಢಿ. ಇಟ್ಟಮೇಲೆ ಅವನಿಗೇ ಗೊತ್ತಾಯಿತು, ವಾಪಸ್ಸು ತೆಗೆಯಲು ಕೈ ಚಾಚಿದ. "ಇರ್ಲಿ ಬಿಡಪ್ಪ" ಅಂದೆ.

ಮೊದಲ ತುತ್ತು ನುಂಗಲಾಗಲಿಲ್ಲ. ಎರಡನೆಯದು ಇಳಿಯಿತು. ಆಮೇಲೆ ಹಸಿವು ಕೆರಳಿತು. ಎಷ್ಟೋ ತಿಂಗಳಿಂದ ನಾನು ಸರಿಯಾಗಿ ಉಂಡಿರಲಿಲ್ಲ. ನಾಚಿಕೆಯಾಗುವಷ್ಟು ರುಚಿಯಾಗಿತ್ತು ದೋಸೆ. ಅಂಚು ಪೂರ್ತಿ ನನಗೇ ಸಿಕ್ಕಿತ್ತು, ಜಗಳವಾಡುವವರು ಯಾರೂ ಇರಲಿಲ್ಲ.

ಮನೆಗೆ ಬಂದು "ಚೆನ್ನಾಗಿತ್ತು" ಅಂದೆ.

"ಚೆನ್ನಾಗಿತ್ತು ಅಂದ್ರೆ ಏನೂ ಯೋಳ್ದಂಗಾಯ್ತು. ಪಲ್ಯದಲ್ಲಿ ಈರುಳ್ಳಿ ಬೆಂದಿತ್ತಾ, ಕಚಕಚ ಅಂತಿತ್ತಾ? ಚಟ್ನಿ ಮೊದ್ಲು ಖಾರ ಬಂತಾ, ಬೆಳ್ಳುಳ್ಳಿ ಬಂತಾ?"

ನನಗೆ ನೆನಪಿರಲಿಲ್ಲ. ಮುಂದಿನ ವಾರ ಮತ್ತೆ ಹೋಗಿ ಗಮನವಿಟ್ಟು ತಿಂದೆ. ಈರುಳ್ಳಿ ಅರ್ಧ ಬೆಂದಿತ್ತು. ಮೊದಲು ಬೆಳ್ಳುಳ್ಳಿ, ಖಾರ ಆಮೇಲೆ, ಕಿವಿಯ ಹತ್ತಿರ. ಅಂಚು ಹೊಂಬಣ್ಣ ದಾಟಿ ಕಂದು ಬಣ್ಣಕ್ಕೆ ತಿರುಗಿತ್ತು, ಬಾಯಲ್ಲಿ ಇಟ್ಟರೆ ಮೊದಲು ಗರಿ, ಮತ್ತೆ ಬೆಣ್ಣೆ. ಕಾಫಿಯಲ್ಲಿ ಚಿಕೋರಿ ಜಾಸ್ತಿ, ಹಾಲು ಗಟ್ಟಿ. ನಾನು ಹೇಳುತ್ತಿದ್ದರೆ ಅವರು ಕಣ್ಣು ಮುಚ್ಚಿಕೊಂಡು, ಬರಿ ಬಾಯಲ್ಲಿ ನುಂಗುತ್ತಿದ್ದರು. ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ದಿನಾ ನುಂಗುವ ಅಭ್ಯಾಸ ಮಾಡಿ ಅಂತ ಹೇಳಿ ಹೇಳಿ ಡಾಕ್ಟರಿಗೆ ಸಾಕಾಗಿತ್ತು. ಇವರು ಮಾಡಿರಲಿಲ್ಲ. ಈಗ ನನ್ನ ಮಾತು ಮುಗಿಯುವವರೆಗೂ ಮಾಡುತ್ತಿದ್ದರು.

ಹೀಗೆ ನನ್ನ ಶನಿವಾರಗಳು ಶುರುವಾದವು. ಯಾವ ಊರು ಅಂತ ಅವರು ಹಿಂದಿನ ದಿನವೇ ಹೇಳುತ್ತಿದ್ದರು. ಚಳಿಗಾಲದಲ್ಲಿ ಚನ್ನರಾಯಪಟ್ಟಣದ ಒಂದು ಮೆಸ್ಸಿಗೆ, ಹಿತಕಿದ ಅವರೆಬೇಳೆ ಸಾರು ಉಣ್ಣುವುದಕ್ಕೆ. ಸೊಗಡಿನ ಅವರೆ ಹೌದೋ ಅಲ್ಲವೋ ಕೇಳಿಕೊಂಡು ಬಾ ಅಂತ ಅಪ್ಪಣೆ ಬೇರೆ. ಹೌದು ಅಂತ ನನ್ನ ಬೆರಳುಗಳೇ ಹೇಳುತ್ತಿದ್ದವು. ಕೈ ಮೂಸಲು ಕೊಟ್ಟೆ. ಒಮ್ಮೆ ನನ್ನ ತವರಿಗೆ ಹೋದಾಗ ಕಾವೇರಿಯ ತೂಗುಸೇತುವೆಯ ಹತ್ತಿರ ಚುರುಮುರಿ ಕಟ್ಟಿಸಿಕೊಂಡು, ಸೇತುವೆಯ ನಡುವೆ ನಿಂತು ತಿಂದೆ. ನಾವಿಬ್ಬರೂ ಅಲ್ಲಿಗೆ ಹೋದಾಗಲೆಲ್ಲ ಅವರು ಸೇತುವೆ ಅಲ್ಲಾಡಿಸಿ ನನ್ನನ್ನು ಹೆದರಿಸುತ್ತಿದ್ದರು. ಅವತ್ತು ಗಾಳಿ ಇರಲಿಲ್ಲ, ಸೇತುವೆ ಅಲುಗಲೂ ಇಲ್ಲ. ಮಾವಿನಕಾಯಿ ಹುಳಿ ಹಲ್ಲಿಗೆ ಹತ್ತಿತ್ತು. ಅದನ್ನು ಹೇಳಿದೆ, ಸೇತುವೆಯ ವಿಷಯ ಹೇಳಲಿಲ್ಲ.

ಅರಕಲಗೂಡಿಗೆ ಕಳಿಸಿದ್ದು ಒಂದೇ ಸಲ, ಒಂದು ಭಾನುವಾರ ಬೆಳಿಗ್ಗೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಅಜ್ಜಿ ಮೊದಲ ಬಸ್ಸಿನವರಿಗೆ ಅಕ್ಕಿ ರೊಟ್ಟಿ ಹಾಕಿಕೊಡುತ್ತಿದ್ದಳಂತೆ. ನಾನು ಯಾವತ್ತೂ ತಿಂದಿರಲಿಲ್ಲ. ಹೋಗಿ ನೋಡಿದರೆ ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇತ್ತು. ಅಜ್ಜಿ ತೀರಿಕೊಂಡು ಎರಡು ವರ್ಷ ಆಯಿತು ಅಂದರು ಅಂಗಡಿಯವರು. ಬಸ್ಸಲ್ಲಿ ವಾಪಸ್ಸು ಬರುವಾಗ ಇನ್ನೊಂದು ಸುಳ್ಳು ಹೇಳಿಬಿಡಲೇ ಅನ್ನಿಸಿತು. ಹೇಳಲಾಗಲಿಲ್ಲ.

ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಅಂಗಾರೆ ನಿಂಗೆ ಅದು ಸಿಗ್ನಿಲ್ಲ" ಅಂದರು. ನೀರಿನ ಲೋಟದಲ್ಲಿ ಬೆರಳದ್ದಿ ತುಟಿ ಒದ್ದೆ ಮಾಡಿಕೊಂಡು, "ಕೂತ್ಕೊ, ನಾನ್ ಯೋಳ್ತೀನಿ" ಅಂದರು.

ಆಪರೇಷನ್ ಆದಮೇಲೆ ಅವರು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಅಜ್ಜಿ ಹಿಟ್ಟಿಗೆ ಅನ್ನ ಕಿವುಚಿ ಹಾಕುತ್ತಿದ್ದಳು, ಅದಕ್ಕೇ ರೊಟ್ಟಿ ತಣ್ಣಗಾದರೂ ಮೆತ್ತಗೆ ಇರುತ್ತಿತ್ತು. ಸಬ್ಬಸಿಗೆ ಸೊಪ್ಪು ಕಾಣುವಷ್ಟು ಇರಬೇಕು, ಹಸಿಮೆಣಸು ಕಾಣಬಾರದು. ಬಾಣಲಿಯ ಗುಂಡಿಯಲ್ಲಿ ತಟ್ಟಿದ್ದರಿಂದ ನಡುವೆ ದಪ್ಪ, ಸುತ್ತ ತೆಳು. ಹುಚ್ಚೆಳ್ಳಿನ ಚಟ್ನಿಪುಡಿ, ಅದರ ಮೇಲೆ ಒಂದು ಗುಂಡಿ ತೋಡಿ ಬೆಣ್ಣೆ. ಡ್ರೈವರು ಹಾರನ್ ಹೊಡೆದರೂ ಇವರು ಏಳುತ್ತಿರಲಿಲ್ಲವಂತೆ. ನಡುನಡುವೆ ಧ್ವನಿ ನಿಂತುಹೋಗುತ್ತಿತ್ತು. ನಾನು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಅವರಷ್ಟು ಚೆನ್ನಾಗಿ ಹೇಳಲು ನನಗೆ ಇವತ್ತಿಗೂ ಬಂದಿಲ್ಲ.

ಒಂಬತ್ತನೇ ತಿಂಗಳಿಗೆ ಪೈಪು ತೆಗೆದರು. ಅವತ್ತು ಮನೆಯಲ್ಲಿ ಡಿಕಾಕ್ಷನ್ ಇಳಿಸಿ, ಆರಿಸಿದ ಕಾಫಿ ಚಮಚದಲ್ಲಿ ಬಾಯಿಗೆ ಬಿಟ್ಟೆ. ನುಂಗಿದರು. ಕೆಮ್ಮಲಿಲ್ಲ.

"ಎಂಗದೆ?" ಅಂದೆ. ಅವರ ಮಾತೇ ನನ್ನ ಬಾಯಲ್ಲಿ ಬಂದಿತ್ತು.

"ಮಣ್ಣು" ಅಂದರು.

ನಾಲಿಗೆ ಸತ್ತುಹೋಗಿತ್ತು. ಕರೆಂಟು ಕೊಟ್ಟವರಿಗೆ ಹಾಗೇ ಆಗುತ್ತೆ, ಬರಬಹುದು, ಬರದೆಯೂ ಇರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆದರೂ ನಾವಿಬ್ಬರೂ ರುಚಿ ಬರುತ್ತೆ ಅಂತಲೇ ಆ ದಿನಕ್ಕೆ ಕಾದಿದ್ದೆವು. ಸ್ವಲ್ಪ ಚೇತರಿಸಿಕೊಂಡಮೇಲೆ ಹಾಸನಕ್ಕೂ ಹೋದೆವು. ಸಪ್ಲೈಯರ್ ಓಡಿಬಂದು ಕುರ್ಚಿ ಎಳೆದ. ಕೇಳದೆಯೇ ಇಡ್ಲಿಯನ್ನು ಹಾಲಲ್ಲಿ ನೆನೆಸಿ ಮೆತ್ತಗೆ ಮಾಡಿ ತಂದ. ಅರ್ಧ ಇಡ್ಲಿಗೆ ಅರ್ಧ ಗಂಟೆ ಹಿಡಿಯಿತು. "ಅರಳೆ ನುಂಗ್ದಂಗೆ ಅದೆ ಕಣೆ" ಅಂತ ನನಗೆ ಮಾತ್ರ ಕೇಳುವಂತೆ ಹೇಳಿ, ಸಪ್ಲೈಯರ್ ಕಡೆ ತಿರುಗಿ ಕೈ ಎತ್ತಿ ಸೊಗಸಾಗಿದೆ ಅಂತ ಸನ್ನೆ ಮಾಡಿದರು. ಬಸ್ಸಲ್ಲಿ ಕೂತಮೇಲೆ ಅತ್ತರು. ಒಂದು ಕಾಲಕ್ಕೆ ತಾವೇ ಟಿಕೆಟ್ ಹರಿಯುತ್ತಿದ್ದ ರೂಟಿನ ಬಸ್ಸಲ್ಲಿ, ಟವಲು ಮುಖಕ್ಕೆ ಹಿಡಿದುಕೊಂಡು. ಅವರ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಹೊಳೆನರಸೀಪುರದವರೆಗೂ ಕೂತಿದ್ದೆ.

ಅದಾದ ಮೂರು ತಿಂಗಳಿಗೆ ಚನ್ನರಾಯಪಟ್ಟಣದಲ್ಲಿ ಒಂದು ಮದುವೆ. ಊಟಕ್ಕೆ ಕೂರಲು ಇವರಿಗೆ ಮನಸ್ಸಿಲ್ಲ, ಛತ್ರದ ಹೊರಗೆ ಎಳನೀರು ಮಾರುವವನ ಹತ್ತಿರ ನಿಂತೆವು. ಕೊಚ್ಚಿ ಕೊಟ್ಟ. ಸ್ಟ್ರಾ ಬೇಡ ಅಂತ ಎತ್ತಿ ಒಂದು ಗುಟುಕು ಕುಡಿದು ನಿಲ್ಲಿಸಿದರು. ಮತ್ತೆ ಒಂದು ಗುಟುಕು. ಕಾಯಿಯನ್ನು ನನ್ನ ಕಡೆ ಚಾಚಿ, "ನೋಡು, ಇದು ಸಿಹಿ ಐತಾ?" ಅಂದರು.

ಕುಡಿದೆ. "ಸಿಹಿ ಐತೆ."

"ನಂಗೂ ಅಂಗೇ ಅನ್ನುಸ್ತು" ಅಂದರು. ಇನ್ನೊಂದು ಕೊಚ್ಚಿಸಿದರು. ಅದೂ ಸಿಹಿಯಿತ್ತು.

ಸಿಹಿ ಬಂತು. ನಿಧಾನಕ್ಕೆ ಉಪ್ಪು ಸ್ವಲ್ಪ ಬಂತು. ಖಾರದ ರುಚಿ ಬರಲೇ ಇಲ್ಲ, ಉರಿ ಮಾತ್ರ. ಒಂದು ಚೂರು ಮೆಣಸಿನಕಾಯಿ ತಾಗಿದರೂ ಬಾಯಿಗೆ ಕೆಂಡ ಇಟ್ಟ ಹಾಗೆ ಒದ್ದಾಡುತ್ತಾರೆ. ಈಗ ಅವರ ಊಟ ಗಂಜಿ, ಮೆತ್ತಗಿನ ಮೊಸರನ್ನ, ತುಪ್ಪ ಸಕ್ಕರೆ ಹಾಕಿದ ಇಡ್ಲಿ. ಹಾಸನಕ್ಕೆ ಇಬ್ಬರೂ ಹೋಗುತ್ತೇವೆ. ನಾನು ದೋಸೆ ಹೇಳುತ್ತೇನೆ, ಅವರು ಇಡ್ಲಿ. ಅವರು ಬದುಕಿ ಎದುರಿಗೆ ಕೂತಿದ್ದಾರೆ, ಅದಕ್ಕಿಂತ ನನಗೇನು ಬೇಕು ಅಂತ ಎಷ್ಟು ಸಲ ಅಂದುಕೊಂಡರೂ, ಆ ಹಳೆಯ ಕೈ ಬೇಕು ಅನ್ನಿಸುತ್ತೆ. ನಾನು ಲೋಟ ಎತ್ತುವಷ್ಟರಲ್ಲಿ ನನ್ನ ತಟ್ಟೆಯ ಅಂಚು ಮುರಿದುಕೊಂಡು ಏನೂ ಆಗದವರ ಹಾಗೆ ಕೂರುತ್ತಿದ್ದ ಕೈ. ಅಂಚನ್ನು ಈಗ ಕೊನೆಗೆ ಉಳಿಸಿಕೊಂಡು ತಿನ್ನುತ್ತೇನೆ. ತಿನ್ನುವಾಗ ಅವರ ಮುಖ ನೋಡುವುದಿಲ್ಲ.

ಹೋದ ವಾರ ಹಾಸನದಿಂದ ಆಟೋ ಮಾಡಿಕೊಂಡು ಕೊರವಂಗಲದ ಹಳೆಯ ದೇವಸ್ಥಾನಕ್ಕೆ ಹೋಗಿದ್ದೆವು. ದೇವಸ್ಥಾನದ ಸುತ್ತ ಹುಲ್ಲಿದೆ, ಜನ ಕಡಿಮೆ. ಬೇಕರಿಯ ಬನ್ನು ಕಟ್ಟಿಸಿಕೊಂಡಿದ್ದೆ, ಅವರಿಗೆ ಬರಿ ಬೆಣ್ಣೆ ಬನ್ನು. ನಡುವಿನ ಮೆತ್ತನೆಯದನ್ನು ಫ್ಲಾಸ್ಕಿನ ಹಾಲಲ್ಲಿ ಅದ್ದಿ ತಿಂದು, ಜಗುಲಿಯ ಕಲ್ಲಿಗೆ ಒರಗಿದರು. ಬಿಸಿಲು ಹಿತವಾಗಿತ್ತು. ನನ್ನ ಬನ್ನಿನ ಪಲ್ಯದಲ್ಲಿ ಕೊತ್ತಂಬರಿ ಜಾಸ್ತಿ ಇತ್ತು. ಹೇಳೋಣ ಅಂತ ತಿರುಗಿದರೆ ಅವರಿಗೆ ನಿದ್ದೆ ಬಂದಿತ್ತು. ಎಬ್ಬಿಸಲಿಲ್ಲ. ಆಟೋದವನು ಬರುವವರೆಗೂ ಪಕ್ಕದಲ್ಲಿ ಕೂತು, ಉಳಿದದ್ದನ್ನು ಮೆಲ್ಲಗೆ ತಿಂದು ಮುಗಿಸಿದೆ.